ಬ್ರೇಕ್ ಆಯಿಲ್, ಕೂಲಂಟ್ ಮತ್ತು 10,384 ರೂಪಾಯಿಯ ಎಸ್ಟಿಮೇಟ್: ನನ್ನ ಅನುಭವ

ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕವೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುವುದು ನನ್ನ ಉದ್ಯೋಗ. ಒಂದು ಪ್ಯಾಂಟಿನ ದರವನ್ನು ಬಟ್ಟೆ, ಹೊಲಿಗೆ ಕೂಲಿ, ವಾಷಿಂಗ್, ಗುಂಡಿ, ಜಿಪ್ಪು ಎಂದು ಬಿಡಿಸಿ ಬರೆದ ಮೇಲಷ್ಟೇ ಅದು ಹೆಚ್ಚೋ ಕಡಿಮೆಯೋ ಎಂದು ನಾವು ಮಾತನಾಡುತ್ತೇವೆ. ಕಾರಿನ ವಿಷಯದಲ್ಲಿ ಮಾತ್ರ ನಾನು ಹಲವು ವರ್ಷ ಗ್ಯಾರೇಜಿನವರು ಹೇಳಿದ ಒಟ್ಟು ಮೊತ್ತವನ್ನೇ ಕೊಟ್ಟು ಬರುತ್ತಿದ್ದೆ. ಆ ರೂಢಿಯನ್ನು ಬಿಡುವಂತೆ ಮಾಡಿದ್ದು ಕಳೆದ ಬೇಸಿಗೆಯಲ್ಲಿ ಕೈಗೆ ಬಂದ ಒಂದು ಎಸ್ಟಿಮೇಟ್.

ನನ್ನದು 2018ರ ಸಣ್ಣ ಪೆಟ್ರೋಲ್ ಕಾರು, ಆಗ 58,000 ಕಿಲೋಮೀಟರ್ ಓಡಿತ್ತು. ಸಂಡೂರಿನಲ್ಲಿ ನಮ್ಮ ಬಂಧುಗಳಿರುವುದರಿಂದ ತಿಂಗಳಿಗೆರಡು ಸಲವಾದರೂ ಆ ಗುಡ್ಡದ ದಾರಿಯಲ್ಲಿ ಇಳಿದು ಹತ್ತಬೇಕು. ಹೀಗಾಗಿ ಬ್ರೇಕಿನ ಬಗ್ಗೆ ನನಗೆ ಸದಾ ಎಚ್ಚರವಿರುತ್ತದೆ. ಎಂಜಿನ್ ಆಯಿಲ್ ಬದಲಾಯಿಸಲು ಹೋದಾಗ ಗ್ಯಾರೇಜಿನ ಹಿರಿಯ ಮೆಕ್ಯಾನಿಕ್, "ಸರ್, ಉಳಿದ ಆಯಿಲ್ ಎಲ್ಲಾ ಹಳೇವಾಗ್ಯಾವ್ರೀ, ಒಂದೇ ಸಲಕ್ಕ ಬದಲಿ ಮಾಡಿಬಿಡೋಣ್ರಿ" ಎಂದು ಹೇಳಿ ಪಟ್ಟಿ ಕೊಟ್ಟರು. ಬ್ರೇಕ್ ಆಯಿಲ್ 1,450, ಎಂಜಿನನ್ನು ತಂಪಾಗಿಡುವ ದ್ರವವಾದ ಕೂಲಂಟಿನ ಫ್ಲಶ್ (ತೊಳೆದು ಬದಲಾಯಿಸುವುದು) 2,600, ಪವರ್ ಸ್ಟೀರಿಂಗ್ ಆಯಿಲ್ 900, ಗೇರ್ ಆಯಿಲ್ 2,250, ಎಂಜಿನ್ ಫ್ಲಶ್ ಹಾಗೂ ಇಂಧನ ಶುದ್ಧೀಕರಣ 1,250, ಇತರೆ ಸಾಮಗ್ರಿ 350. ಒಟ್ಟು 8,800 ರೂಪಾಯಿ, ಅದರ ಮೇಲೆ ಶೇ. 18 ಜಿಎಸ್‌ಟಿ ಸೇರಿ 10,384. ಒಂದು ದಿನ ಕಾಲಾವಕಾಶ ಕೇಳಿ, ಪಟ್ಟಿಯನ್ನು ಮನೆಗೆ ತಂದೆ.

ಮೊದಲು ಬಿಚ್ಚಿದ್ದು ಕಾರಿನೊಂದಿಗೆ ಬಂದ ಮಾಲೀಕರ ಕೈಪಿಡಿಯನ್ನು. ಯಾವ ದ್ರವ, ಯಾವ ದರ್ಜೆ, ಎಷ್ಟು ಲೀಟರ್, ಎಷ್ಟು ಕಿಲೋಮೀಟರಿಗೆ ಅಥವಾ ಎಷ್ಟು ವರ್ಷಕ್ಕೆ ಎಂಬುದೆಲ್ಲ ಅದರಲ್ಲಿಯೇ ಇದ್ದಿತು. ಪವರ್ ಸ್ಟೀರಿಂಗ್ ಆಯಿಲ್ ಎಂಬ ಸಾಲೇ ಕೈಪಿಡಿಯಲ್ಲಿರಲಿಲ್ಲ, ಏಕೆಂದರೆ ನನ್ನ ಕಾರಿನದು ವಿದ್ಯುತ್ ಮೋಟಾರಿನ ಸ್ಟೀರಿಂಗ್. ಅದಕ್ಕೆ ಆಯಿಲ್ ಹಾಕುವ ಡಬ್ಬಿಯೇ ಇರುವುದಿಲ್ಲ. ಈಚಿನ ಬಹುತೇಕ ಸಣ್ಣ ಕಾರುಗಳು ಹೀಗೆಯೇ ಇವೆ. ಗೇರ್ ಆಯಿಲ್ ಬದಲಾಯಿಸುವ ಅವಧಿ ಇನ್ನೂ ಬಂದಿರಲಿಲ್ಲ. ಎಂಜಿನ್ ಫ್ಲಶ್ ಮತ್ತು ಇಂಧನ ಶುದ್ಧೀಕರಣದ ಪ್ರಸ್ತಾಪ ಕೈಪಿಡಿಯ ಯಾವ ಪುಟದಲ್ಲಿಯೂ ಇರಲಿಲ್ಲ. ಹೀಗೆ ದರದ ಮಾತಿಗೆ ಬರುವ ಮೊದಲೇ ಪಟ್ಟಿಯ ಅರ್ಧ ಬಿದ್ದುಹೋಯಿತು. ಬ್ರೇಕ್ ಆಯಿಲ್ ಮತ್ತು ಕೂಲಂಟ್ ಮಾತ್ರ ನಿಜವಾಗಿಯೂ ಅವಧಿ ಮೀರಿದ್ದವು.

ಬ್ರೇಕ್ ಆಯಿಲನ್ನು ಮುಂದೂಡುವ ಮನಸ್ಸು ನನಗಿರಲಿಲ್ಲ. ಅದು ಗಾಳಿಯ ತೇವವನ್ನು ಹೀರಿಕೊಳ್ಳುವ ದ್ರವ. ಡಾಟ್ 4 ದರ್ಜೆಯದು ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು. ತೇವ ಹಿಡಿದ ಮೇಲೆ ಆ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಇಳಿಜಾರಿನಲ್ಲಿ ಮತ್ತೆ ಮತ್ತೆ ಬ್ರೇಕ್ ಒತ್ತಿದಾಗ ಚಕ್ರದ ಬಳಿಯ ದ್ರವ ಕುದಿದು ಆವಿಯಾದರೆ, ಆವಿ ಒತ್ತಡಕ್ಕೆ ಕುಗ್ಗುವುದರಿಂದ ಪೆಡಲ್ ಮೆತ್ತಗಾಗಿ ಕೆಳಗೆ ಹೋಗುತ್ತದೆ. ಬಳ್ಳಾರಿಯ ಬೇಸಿಗೆಯಲ್ಲಿ ಅದಿರು ಲಾರಿಗಳ ಹಿಂದೆ ಘಟ್ಟ ಇಳಿಯುವವರಿಗೆ ಇದು ಪ್ರಾಣದ ಪ್ರಶ್ನೆ. ಆದುದರಿಂದ ನಾನು ನೋಡಿದ್ದು ಕೆಲಸ ಪೂರ್ತಿಯಾಗಿ ನಡೆಯಲು ನ್ಯಾಯವಾಗಿ ಎಷ್ಟು ಬೀಳುತ್ತದೆ ಎಂಬುದನ್ನು.

ಮರುದಿನ ಕೌಲ್ ಬಜಾರಿನ ಬಿಡಿಭಾಗಗಳ ಅಂಗಡಿಗೆ ಹೋಗಿ, ಕೈಪಿಡಿಯಲ್ಲಿ ಹೇಳಿದ ದರ್ಜೆಯ ಬಾಟಲಿಗಳ ಮೇಲಿನ ಎಂಆರ್‌ಪಿ ಬರೆದುಕೊಂಡೆ. ಅರ್ಧ ಲೀಟರಿನ ಬ್ರೇಕ್ ಆಯಿಲ್ 260 ರೂಪಾಯಿ. ನಾಲ್ಕೂ ಚಕ್ರಗಳ ಹಳೆಯ ದ್ರವ ಹೊರಹೋಗಲು ಒಂದು ಲೀಟರ್ ಸಾಕು, ಅಂದರೆ 520. ಇದಕ್ಕೆ ಸುಮಾರು ಒಂದು ಗಂಟೆಯ ಕೂಲಿಯೆಂದು 600, ಕೂಲಿಯ ಮೇಲೆ ಜಿಎಸ್‌ಟಿ 108; ಒಟ್ಟು 1,228. ಕೂಲಂಟ್ ಹಿಡಿಯುವುದು 4.2 ಲೀಟರ್, ಆದ್ದರಿಂದ ನೀರು ಬೆರೆಸುವ ಅಗತ್ಯವಿಲ್ಲದ ಒಂದು ಲೀಟರಿನ ಬಾಟಲಿ ಐದು ಬೇಕು. 280ರಂತೆ 1,400, ಕೂಲಿ 500, ಅದರ ಜಿಎಸ್‌ಟಿ 90, ಒಟ್ಟು 1,990. ಎರಡೂ ಸೇರಿ 3,218 ರೂಪಾಯಿ. ಎಸ್ಟಿಮೇಟಿನಲ್ಲಿ ಇವೇ ಎರಡು ಕೆಲಸಗಳಿಗೆ ತೆರಿಗೆ ಸೇರಿ 4,779 ಆಗುತ್ತಿತ್ತು.

ವ್ಯತ್ಯಾಸದ ಒಂದು ಭಾಗ ತೆರಿಗೆಯಲ್ಲಿಯೇ ಇದ್ದಿತು. ಬಾಟಲಿಯ ಎಂಆರ್‌ಪಿಯಲ್ಲಿ ಎಲ್ಲ ತೆರಿಗೆಗಳೂ ಸೇರಿರುತ್ತವೆ. ಅದರ ಮೇಲೆ ಮತ್ತೆ ಜಿಎಸ್‌ಟಿ ಕೂಡಿಸುವಂತಿಲ್ಲ. ಗ್ಯಾರೇಜಿನವರು ತೆರಿಗೆ ಕಳೆದ ದರ ಬರೆದು ಕೊನೆಗೆ ತೆರಿಗೆ ಕೂಡಿಸಿದರೆ ತಪ್ಪಿಲ್ಲ, ಆದರೆ ಬರುವ ಮೊತ್ತ ಎಂಆರ್‌ಪಿಯನ್ನು ಮೀರಬಾರದು. ಜಿಎಸ್‌ಟಿ ಕೇಳುವ ಬಿಲ್ಲಿನಲ್ಲಿ ನೋಂದಣಿ ಸಂಖ್ಯೆ ಇರಲೇಬೇಕು. ನೋಂದಣಿಯಿಲ್ಲದವರಿಗೂ, ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ನಿಗದಿತ ದರದಲ್ಲಿ ತೆರಿಗೆ ಕಟ್ಟುವ ಕಾಂಪೊಸಿಷನ್ ಪದ್ಧತಿಯಲ್ಲಿರುವವರಿಗೂ ಗ್ರಾಹಕರಿಂದ ತೆರಿಗೆ ವಸೂಲು ಮಾಡುವ ಅಧಿಕಾರವಿಲ್ಲ. ದ್ರವವನ್ನು ಡ್ರಮ್ಮಿನಿಂದ ಹಾಕುವುದಾದರೆ ಬಾಟಲಿಯ ಬೆಲೆ ಕಾಣಿಸುವುದಿಲ್ಲವಾದ್ದರಿಂದ, ದರ್ಜೆ ಮತ್ತು ಲೀಟರಿನ ದರ ಎರಡನ್ನೂ ಬರೆಸಿಕೊಳ್ಳಬೇಕು.

ಇಷ್ಟು ಲೆಕ್ಕ ಹಿಡಿದು ಇನ್ನೆರಡು ಕಡೆ ವಿಚಾರಿಸಿದೆ. ಒಂದು ಕಡೆ ಬ್ರೇಕ್ ಆಯಿಲಿಗೆ 350 ರೂಪಾಯಿ ಮಾತ್ರ ಹೇಳಿದರು. ಕೆಲಸ ಹೇಗೆ ಮಾಡುತ್ತೀರಿ ಎಂದು ಕೇಳಿದಾಗ, ಮೇಲಿನ ಡಬ್ಬಿಯಲ್ಲಿರುವುದನ್ನು ಸಿರಿಂಜಿನಿಂದ ತೆಗೆದು ಹೊಸದು ಹಾಕುವುದೆಂದು ಉತ್ತರ ಬಂದಿತು. ತೇವ ಹಿಡಿದ ದ್ರವ ಚಕ್ರಗಳ ಬಳಿ ಹಾಗೆಯೇ ಉಳಿಯುವ ಆ ಕೆಲಸಕ್ಕೆ ನನ್ನ ದೃಷ್ಟಿಯಲ್ಲಿ 350 ಕೂಡ ದುಬಾರಿಯೇ. ಮೂರು ಎಸ್ಟಿಮೇಟುಗಳಲ್ಲಿ ನನಗೆ ಅತ್ಯಂತ ಅನ್ಯಾಯವೆನಿಸಿದ್ದು ಇದು, ಏಕೆಂದರೆ ಹಣ ಕೊಟ್ಟವನು ಬ್ರೇಕ್ ಸರಿಯಾಯಿತೆಂದು ನಂಬಿ ಘಟ್ಟ ಇಳಿಯುತ್ತಾನೆ.

ಮೂರನೆಯ ಕಡೆ ಬ್ರೇಕ್ ಆಯಿಲಿಗೆ 1,300, ಕೂಲಂಟಿಗೆ 2,100, ತೆರಿಗೆ ಸೇರಿ 3,400 ಎಂದರು. ನನ್ನ ಲೆಕ್ಕಕ್ಕಿಂತ 182 ರೂಪಾಯಿ ಹೆಚ್ಚಾದರೂ ಚೌಕಾಸಿ ಮಾಡಲಿಲ್ಲ. ಒಬ್ಬರು ಪೆಡಲ್ ಒತ್ತುತ್ತಿದ್ದರೆ ಇನ್ನೊಬ್ಬರು ಪ್ರತಿಯೊಂದು ಚಕ್ರದ ನಿಪ್ಪಲ್ (ದ್ರವ ಹೊರಬಿಡುವ ಸಣ್ಣ ತಿರುಪು) ಸಡಿಲಿಸಿ, ಕಂದು ಬಣ್ಣದ ಹಳೆಯ ದ್ರವ ಹೋಗಿ ತಿಳಿಯಾದದ್ದು ಬರುವ ತನಕ ಹೊರಬಿಟ್ಟು, ಒಳಗಿನ ಗಾಳಿಯನ್ನೂ ತೆಗೆದರು. ರೇಡಿಯೇಟರನ್ನು ಎಂಜಿನ್ ತಣ್ಣಗಾದ ಮೇಲೆಯೇ ತೆರೆದರು. ಅದರೊಳಗಿನ ಬಿಳಿ ಪದರ ತೋರಿಸಿ, "ಬೋರ್‌ವೆಲ್ ನೀರು ಹಾಕೀರೇನ್ರಿ ಸರ್?" ಎಂದು ಕೇಳಿದರು. ಹೌದು, ಎರಡು ಬೇಸಿಗೆ ಹಾಕಿದ್ದೆ. ಕೂಲಂಟಿನಲ್ಲಿರುವ ಗ್ಲೈಕಾಲ್ ನೀರಿನ ಕುದಿಯುವ ಮಟ್ಟವನ್ನು ಏರಿಸುತ್ತದೆ, ಅದರೊಂದಿಗಿನ ರಾಸಾಯನಿಕಗಳು ತುಕ್ಕು ತಡೆಯುತ್ತವೆ; ಗಡಸು ನೀರು ಸುಣ್ಣದ ಪದರ ಕಟ್ಟುತ್ತದೆ. ಅದನ್ನು ತೊಳೆಯಲು ಅವರು ಅರ್ಧ ಗಂಟೆ ಹೆಚ್ಚು ದುಡಿದರು, ಹೆಚ್ಚಿನ ಕೂಲಿ ಕೇಳಲಿಲ್ಲ.

ಮೊದಲ ಗ್ಯಾರೇಜಿಗೂ ಹೋಗಿ ಸ್ಟೀರಿಂಗಿನ ವಿಷಯ ತಿಳಿಸಿದೆ. ಎಲ್ಲ ಕಾರುಗಳಿಗೂ ಒಂದೇ ಪಟ್ಟಿ ಮುದ್ರಿಸಿ ಇಟ್ಟಿದ್ದರಿಂದ ಹಾಗಾಯಿತೆಂದು ಅವರು ಒಪ್ಪಿಕೊಂಡರು. ಈಗ ನಮ್ಮ ಘಟಕದ ಇಬ್ಬರು ಸಹೋದ್ಯೋಗಿಗಳು ಎಸ್ಟಿಮೇಟ್ ಬಂದೊಡನೆ ನನ್ನ ಬಳಿ ತರುತ್ತಾರೆ, ನಾನು ಮೊದಲು ಅವರ ಕಾರಿನ ಕೈಪಿಡಿಯನ್ನು ಕೇಳುತ್ತೇನೆ.