ಕೊತ್ತಂಬರಿ ಹುಟ್ಟುತ್ತಿಲ್ವಾ? ಕಾಳು ಒಡೆದು ಬಿತ್ತಿ

ಟೆರೇಸ್ ಮೇಲೆ ಟೊಮೆಟೊ, ಬದನೆ, ಮೆಣಸಿನಕಾಯಿ ಬೆಳೆದು ಗೆದ್ದವರೂ ಕೊತ್ತಂಬರಿ ಸೊಪ್ಪಿನ ಹತ್ತಿರ ಸೋಲುತ್ತಾರೆ. ಅಡುಗೆಮನೆ ಡಬ್ಬಿಯಿಂದ ಒಂದು ಹಿಡಿ ಕಾಳು ತಂದು ಕುಂಡಕ್ಕೆ ಎರಚುತ್ತಾರೆ, ಮೇಲೊಂದು ಚೊಂಬು ನೀರು ಸುರಿಯುತ್ತಾರೆ, ವಾರ ಕಾಯುತ್ತಾರೆ. ಏನೂ ಕಾಣುವುದಿಲ್ಲ. ಬೀಜ ಸರಿಯಿಲ್ಲ ಅಂತ ಬೈದು ಅದೇ ಮಣ್ಣಿಗೆ ಮೆಂತ್ಯ ಹಾಕುತ್ತಾರೆ. ಹೆಚ್ಚಿನ ಸಲ ಬೀಜದ ತಪ್ಪೇನೂ ಇರುವುದಿಲ್ಲ. ಬಿತ್ತಿದ ರೀತಿ ತಪ್ಪು, ಜೊತೆಗೆ ಆತುರ.

ಮೊದಲು ಕುಂಡ. ಅಗಲ ಜಾಸ್ತಿ ಇರಲಿ, ಆಳ ಆರರಿಂದ ಎಂಟು ಇಂಚು ಸಾಕು. ಹಳೇ ಹಣ್ಣಿನ ಕ್ರೇಟಿಗೆ ಗೋಣಿ ಹಾಸಿಕೊಂಡರೂ ಆಗುತ್ತದೆ. ತಳದಲ್ಲಿ ತೂತು ಇರಲೇಬೇಕು. ತೂತಿಲ್ಲದ ಚಂದದ ಪಿಂಗಾಣಿ ಕುಂಡ ಶೋಕೇಸಿನಲ್ಲೇ ಇರಲಿ.

ಮಣ್ಣಿಗೆ ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿ ಬೆರೆಸಿ. ‘ಪಾಟಿಂಗ್ ಮಿಕ್ಸ್’ ಅಂತ ಮಾರುವ ಕೆಲವು ಚೀಲಗಳಲ್ಲಿ ಬರೀ ನಾರಿನ ಪುಡಿಯೇ ತುಂಬಿರುತ್ತದೆ. ಎತ್ತಿ ನೋಡಿ, ತೀರಾ ಹಗುರ ಅನ್ನಿಸಿದರೆ ಅಲ್ಲೇ ಇಟ್ಟು ಬನ್ನಿ.

ಬೀಜಕ್ಕೆ ದಿನಸಿ ಅಂಗಡಿಯ ಕಾಳೇ ಸಾಕು, ಹೊಸ ಫಸಲಿನದಾಗಿರಲಿ. ವರ್ಷಗಟ್ಟಲೆ ಡಬ್ಬಿಯಲ್ಲಿ ಕೂತದ್ದು ಸಾರಿನ ಪುಡಿಗೆ ಹೋಗಲಿ. ಬೀಜದ ಅಂಗಡಿಯ ಪೊಟ್ಟಣದಲ್ಲಿ ಗುಲಾಬಿ ಬಣ್ಣ ಹಚ್ಚಿದ ಕಾಳು ಇದ್ದರೆ ಅದಕ್ಕೆ ಔಷಧಿ ಬಳಿದಿರುತ್ತಾರೆ. ಉಳಿದದ್ದನ್ನು ಅಪ್ಪಿತಪ್ಪಿಯೂ ಮಸಾಲೆಗೆ ಹಾಕಬೇಡಿ. ಪದೇ ಪದೇ ಕೊಯ್ಯುವ ತಳಿ ಬೇಕಿದ್ದರೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ಇಶಾ’ ಇದೆ.

ಈಗ ಎಲ್ಲರೂ ಎಡವುವ ಜಾಗಕ್ಕೆ ಬನ್ನಿ. ಒಂದೊಂದು ದುಂಡು ಕಾಳಿನೊಳಗೂ ಎರಡು ಬೀಜ ಇರುತ್ತವೆ. ಇಡೀ ಕಾಳು ಹಾಕಿದರೂ ಹುಟ್ಟುತ್ತದೆ, ಆದರೆ ಗಟ್ಟಿ ಸಿಪ್ಪೆಯೊಳಗೆ ನೀರು ಇಳಿಯುವುದು ನಿಧಾನ. ಅದಕ್ಕೇ ಒಡೆಯಬೇಕು. ಕಾಳನ್ನು ಬಟ್ಟೆಯ ಮೇಲೆ ಒಂದೇ ಪದರವಾಗಿ ಹರಡಿ, ಲಟ್ಟಣಿಗೆಯನ್ನು ಮೆಲ್ಲಗೆ ಉರುಳಿಸಿ. ಟಪಟಪ ಸದ್ದು ಬಂದು ಕಾಳು ಎರಡು ಹೋಳಾದರೆ ಮುಗಿಯಿತು. ಇನ್ನೊಂದು ಸಲ ಒತ್ತಿದರೆ ಹೋಳೂ ನುಚ್ಚಾಗುತ್ತದೆ, ನುಚ್ಚು ಹುಟ್ಟಲ್ಲ. ಸುಲಭ ಅಂತ ಮಿಕ್ಸಿಗೆ ಹಾಕುವವರಿದ್ದಾರೆ, ದಯವಿಟ್ಟು ಬೇಡ.

ಒಡೆದ ಕಾಳನ್ನು ರಾತ್ರಿ ನೆನೆಸಿ, ಬೆಳಿಗ್ಗೆ ನೀರು ಬಸಿದು, ಕೈಗೆ ಅಂಟದಷ್ಟು ನೆರಳಿನಲ್ಲಿ ಆರಲು ಬಿಡಿ. ಮಣ್ಣನ್ನು ಮೊದಲೇ ಪೂರ್ತಿ ತೋಯಿಸಿಕೊಳ್ಳಿ. ಮೂರು ನಾಲ್ಕು ಇಂಚಿಗೊಂದು ಸಾಲು ಗೀರಿ ಕಾಳು ಉದುರಿಸಿ, ಮೇಲೆ ಅರ್ಧ ಇಂಚಿಗಿಂತ ಜಾಸ್ತಿ ಮಣ್ಣು ಬೀಳದಂತೆ ಮುಚ್ಚಿ. ಎರಚಿದರೆ ಆಗಲ್ವಾ ಅಂದರೆ ಆಗುತ್ತದೆ. ಆದರೆ ಸಾಲಿದ್ದರೆ ಯಾವುದು ಕೊತ್ತಂಬರಿ, ಯಾವುದು ಕಳೆ ಅಂತ ಗೊತ್ತಾಗುತ್ತದೆ. ಇದು ಮುಂದೆ ಬೇಕಾಗುವ ವಿಷಯ.

ಮೇಲೆ ಒದ್ದೆ ಗೋಣಿಚೀಲ ಹೊದಿಸಿ. ಚೊಂಬಿನಿಂದ ಸುರಿದರೆ ಕಾಳೆಲ್ಲ ಒಂದು ಮೂಲೆಗೆ ಕೊಚ್ಚಿ ಹೋಗುತ್ತವೆ. ಬಾಟಲಿ ಮುಚ್ಚಳಕ್ಕೆ ಬಿಸಿ ಸೂಜಿಯಿಂದ ತೂತು ಮಾಡಿ ಗೋಣಿಯ ಮೇಲೇ ಚಿಮುಕಿಸಿ. ಎಂಟರಿಂದ ಹದಿನೈದು ದಿನ ಬೇಕು. ಐದನೇ ದಿನ ಬೆರಳು ಹಾಕಿ ಕೆದಕಿ ನೋಡಬೇಡಿ! ಆರನೇ ದಿನದಿಂದ ಮಾತ್ರ ಬೆಳಿಗ್ಗೆ ಗೋಣಿಯ ಅಂಚೆತ್ತಿ ಇಣುಕಿ. ಒಂದೆರಡು ಮೊಳಕೆ ಕಂಡ ದಿನವೇ ಗೋಣಿ ತೆಗೆಯಿರಿ. ಇನ್ನೂ ಎಲ್ಲ ಬರಲಿ ಅಂತ ಬಿಟ್ಟರೆ ಬಂದವು ಬಿಳಿಚಿಕೊಂಡು ಉದ್ದವಾಗಿ ವಾಲುತ್ತವೆ.

ಮೊದಲು ಬರುವ ಜೋಡಿ ಎಲೆ ಕೊತ್ತಂಬರಿಯ ಹಾಗೆ ಇರುವುದೇ ಇಲ್ಲ. ಸಣ್ಣಗೆ, ಉದ್ದಕ್ಕೆ, ಹುಲ್ಲಿನ ಎಸಳಿನಂತಿರುತ್ತದೆ. ಕಳೆ ಅಂತ ಕಿತ್ತು ಎಸೆಯುವವರು ಕಡಿಮೆ ಇಲ್ಲ. ಸಾಲಿನಲ್ಲಿ ಬಂದದ್ದನ್ನು ಮುಟ್ಟಬೇಡಿ, ನಡುವೆ ಬಂದದ್ದನ್ನು ಮಾತ್ರ ಕೀಳಿ. ಹಲ್ಲುಹಲ್ಲಾದ ಎಲೆ ಆಮೇಲೆ ಬರುತ್ತದೆ. ಕಿತ್ತು ಬೇರೆ ಕುಂಡಕ್ಕೆ ನೆಡುವ ಆಸೆಯನ್ನೂ ಬಿಡಿ, ಇದರ ತಾಯಿಬೇರು ಕದಲಿದರೆ ಗಿಡ ಸೊರಗುತ್ತದೆ.

ದಿನಕ್ಕೆ ನಾಲ್ಕೈದು ಗಂಟೆ ಬಿಸಿಲು, ಮಣ್ಣು ಒಣಗಿದಾಗ ನೀರು, ಅಷ್ಟೇ. ಬೆಂಗಳೂರಿನ ಕಡೆ ಅಕ್ಟೋಬರ್‌ನಿಂದ ಫೆಬ್ರುವರಿವರೆಗೆ ಬಿತ್ತನೆಗೆ ಒಳ್ಳೆಯ ಕಾಲ. ಏಪ್ರಿಲ್ ಬಿಸಿಲಿಗೆ ಗಿಡ ಬೇಗ ಹೂವಿಗೆ ಬರುತ್ತದೆ, ಎಲೆ ನೂಲಿನಂತೆ ಸಣ್ಣಗಾಗುತ್ತದೆ. ಟಾನಿಕ್ ಸಿಂಪಡಿಸಿ ಅಂತ ಅಂಗಡಿಯವರು ಹೇಳುತ್ತಾರೆ. ಆ ದುಡ್ಡಿಗೆ ಹಸಿರು ನೆರಳುಬಲೆ ತನ್ನಿ.

ಆರು ವಾರದ ಹೊತ್ತಿಗೆ ಕೊಯ್ಲು. ಹೊರಗಿನ ಕಡ್ಡಿಗಳನ್ನು ಕತ್ತರಿಯಿಂದ ಕತ್ತರಿಸಿ, ನಡುವಿನ ಸುಳಿ ಬಿಟ್ಟರೆ ಇನ್ನೊಂದೆರಡು ಸಲ ಸಿಗುತ್ತದೆ. ಹದಿನೈದು ದಿನಕ್ಕೊಮ್ಮೆ ಇನ್ನೊಂದು ಕುಂಡದಲ್ಲಿ ಬಿತ್ತುತ್ತಿರಿ.

ಇದು ಸಾರಿಗೆ, ಚಿತ್ರಾನ್ನಕ್ಕೆ ಉದುರಿಸಲು ಸಾಕು. ಕೊತ್ತಂಬರಿ ಬಾತ್ ಮಾಡುವ ದಿನ ಮಾರ್ಕೆಟ್‌ಗೇ ಹೋಗಿ. ಕಟ್ಟನ್ನು ಮೇಲಿನಿಂದ ನೋಡಿ ಕೊಳ್ಳಬೇಡಿ, ದಾರ ಕಟ್ಟಿದ ಜಾಗದಲ್ಲಿ ಎಲೆ ಬಿಡಿಸಿ ನೋಡಿ. ಕೊಳೆಯುವುದು ಅಲ್ಲಿಂದಲೇ. ಬೇರಿರುವ ಕಟ್ಟು ಸಿಕ್ಕರೆ ಅದನ್ನೇ ತನ್ನಿ. ಮನೆಗೆ ತಂದ ಮೇಲೆ ದಾರ ಬಿಚ್ಚಿ, ತೊಳೆಯದೆ ಒಣ ಹತ್ತಿಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿಡಿ.