ನೀರಿನ ಘಟಕದ ಕರೆಂಟ್ ಬಿಲ್ ಇಳಿಸಿದ್ದು ಹೀಗೆ

ಗದಗ ಜಿಲ್ಲೆಯ ಮುಂಡರಗಿ ಕಡೆಯ ಒಂದು ಹಳ್ಳಿಯಲ್ಲಿ ಶುದ್ಧ ಕುಡಿಯುವ ನೀರಿನ ಘಟಕ ನೋಡಿಕೊಳ್ಳುತ್ತೇನೆ. ನಮ್ಮ ಬೋರಿನ ನೀರು ಸವಳು, ಮೇಲೆ ಫ್ಲೋರೈಡ್ ಬೇರೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಆ ನೀರು ಕುಡಿಯಬಾರದು. ಕುದಿಸಿದರೂ ಫ್ಲೋರೈಡ್ ಹೋಗಲ್ಲ. ಹಾಗಾಗಿ ಆರ್‌ಒ, ಅಂದರೆ ಒತ್ತಡ ಹಾಕಿ ನೀರನ್ನು ತೆಳು ಪೊರೆಯ (ಮೆಂಬ್ರೇನ್) ಮೂಲಕ ಸೋಸುವ ಮಷಿನ್, ಬೇಕೇ ಬೇಕು. ಆದರೆ ಬಿಲ್ ಏರಿದರೆ ಕ್ಯಾನಿನ ರೇಟೂ ಏರುತ್ತದೆ. ಅದಾಗಬಾರದು ಅಂತಲೇ ಈ ಕೆಲಸಕ್ಕೆ ಕೈ ಹಾಕಿದೆ.

ಆರ್‌ಒದಲ್ಲಿ ಜಾಸ್ತಿ ಕರೆಂಟ್ ಎಳೆಯುವುದು ಹೈ ಪ್ರೆಶರ್ ಪಂಪು. ಸಮುದ್ರದ ನೀರಿಗಾದರೆ 55ರಿಂದ 70 ಕೆಜಿ (ಚದರ ಸೆಂಟಿಮೀಟರಿಗೆ) ಒತ್ತಡ ಬೇಕು. ನಮ್ಮ ನೀರಿಗೆ 9 ಕೆಜಿ ಸಾಕಾಗುತ್ತಿತ್ತು, ಪಂಪು ಮಾತ್ರ 12 ಕೊಡುತ್ತಿತ್ತು. ಉಳಿದ ಮೂರನ್ನು ವಾಲ್ ಅರ್ಧ ಮುಚ್ಚಿ ಇಳಿಸಿಟ್ಟಿದ್ದರು. ದುಡ್ಡು ಕೊಟ್ಟು ಪಡೆದ ಒತ್ತಡ ಸುಮ್ನೆ ಹೋಗುತ್ತಿತ್ತು, ಅಲ್ವಾ? ವಾಲ್ ಪೂರ್ತಿ ತೆರೆದು ಪಂಪಿಗೆ ವಿಎಫ್‌ಡಿ, ಅಂದರೆ ಕರೆಂಟಿನ ಹರ್ಟ್ಜ್ ಬದಲಿಸಿ ಮೋಟಾರಿನ ವೇಗ ಹೆಚ್ಚುಕಡಿಮೆ ಮಾಡುವ ಸಾಧನ, ಹಾಕಿಸಿದೆ. 50 ಹರ್ಟ್ಜ್‌ನಿಂದ ಸ್ವಲ್ಪಸ್ವಲ್ಪವೇ ಇಳಿಸುತ್ತ ಬಂದೆ. 45ರ ಆಸುಪಾಸಿನಲ್ಲಿ ಗೇಜಿನ ಮುಳ್ಳು 9ಕ್ಕೆ ಬಂದು ನಿಂತಿತು. ನೀರು ಮೊದಲಿನಷ್ಟೇ ಬರುತ್ತದೆ, ಪಂಪಿನ ಕರೆಂಟು ಸುಮಾರು ಕಾಲು ಭಾಗ ಕಡಿಮೆಯಾಗಿದೆ.

ಚಳಿಗಾಲದ ಕತೆ ಬೇರೆ. ನೀರು ಒಂದು ಡಿಗ್ರಿ ತಣ್ಣಗಾದರೆ ಮೆಂಬ್ರೇನ್ ಬಿಡುವ ನೀರು ಸುಮಾರು 3 ಪರ್ಸೆಂಟ್ ಕಡಿಮೆಯಾಗುತ್ತದೆ. ಬೆಳಗ್ಗೆ ಕೊಡ ಹಿಡಿದು ಬಂದ ಅಜ್ಜಿ, "ತಮ್ಮಾ, ಟಾಕಿ ಇನ್ನೂ ತುಂಬಿಲ್ಲೇನ?" ಅಂತ ಕೇಳುವುದು ಆಗಲೇ. ಒತ್ತಡ ಏರಿಸಿದರೆ ತುಂಬುತ್ತದೆ, ಆದರೆ ಮೀಟರಿನಲ್ಲಿ ಯೂನಿಟ್ ಓಡುತ್ತದೆ. ಅದಕ್ಕೇ ನಾನು ಮಧ್ಯಾಹ್ನದ ಮೇಲೆ ಮಷಿನ್ ಹಚ್ಚುತ್ತೇನೆ. ಅಷ್ಟೊತ್ತಿಗೆ ಮೇಲಿನ ಕಪ್ಪು ಟಾಕಿಯ ನೀರು ಬಿಸಿಲಿಗೆ ಬೆಚ್ಚಗಾಗಿರುತ್ತದೆ. ಬೆಳಗಿನ ನೀರು ಹಿಂದಿನ ಸಂಜೆಯೇ ತುಂಬಿಟ್ಟಿರುತ್ತೇನೆ.

ಪಂಪಿಗಿಂತ ಮುಂಚೆ ಸಣ್ಣ ಕಸ ಹಿಡಿಯುವ 5 ಮೈಕ್ರಾನ್ ಕಾಟ್ರಿಜ್ (ಫಿಲ್ಟರ್) ಕಟ್ಟಿಕೊಂಡರೂ ಪಂಪಿಗೆ ನೀರು ಸಾಲದು. ಅದರ ಹಿಂದೆ ಮುಂದೆ ಎರಡು ಗೇಜ್ ಇವೆ. ನಡುವಿನ ಅಂತರ ಅರ್ಧ ಕೆಜಿ ದಾಟಿತೆಂದರೆ ಹೊಸದು ಹಾಕುತ್ತೇನೆ.

ನೀರು ಉಳಿಸೋಣ ಅಂತ ರಿಜೆಕ್ಟ್ (ಸೋಸಿದ ಮೇಲೆ ಉಳಿದು ಹೊರಹೋಗುವ ಉಪ್ಪು ನೀರು) ವಾಲ್ ಬಿಗಿ ಮಾಡಬೇಡಿ. ಮೆಂಬ್ರೇನಿನ ಮೇಲೆ ಸುಣ್ಣ ಕಟ್ಟುತ್ತದೆ, ಆಮೇಲೆ ಅಷ್ಟೇ ನೀರಿಗೆ ಹೆಚ್ಚು ಒತ್ತಡ ಬೇಕಾಗುತ್ತದೆ. ನಮ್ಮಲ್ಲಿ ಅರ್ಧ ಶುದ್ಧ ನೀರು, ಅರ್ಧ ರಿಜೆಕ್ಟ್. ಆ ರಿಜೆಕ್ಟ್‌ನಲ್ಲಿ ಫ್ಲೋರೈಡ್ ಹೆಚ್ಚುಕಡಿಮೆ ದುಪ್ಪಟ್ಟಾಗಿರುತ್ತದೆ, ದನದ ತೊಟ್ಟಿಗೆ ಬಿಡುವಂತಿಲ್ಲ. ಪೈಪ್ ಎಳೆದು ಶಾಲೆಯ ಶೌಚಾಲಯದ ಟಾಕಿಗೆ ಕೊಟ್ಟಿದ್ದೇವೆ.