ಜರ್ನಲ್‌ಗೆ ಕಳುಹಿಸುವ ಲೇಖನದ ಆಕರಪಟ್ಟಿ: ಕೊಡಗಿನ ಸಂಶೋಧಕರಿಗಾಗಿ

ಸಂಶೋಧನಾ ಲೇಖನದ ಆಕರಪಟ್ಟಿಯನ್ನು ಕೊನೆಯ ರಾತ್ರಿಗೆ ಬಿಡುವ ರೂಢಿ ನಮ್ಮಲ್ಲಿ ಬಲವಾಗಿ ಬೇರೂರಿದೆ. ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯದಲ್ಲಿ ದೇವರಕಾಡುಗಳ ಮರಗಳನ್ನು ಗುರುತಿಸುವವರಿರಲಿ, ಚೆಟ್ಟಳ್ಳಿಯಲ್ಲಿ ಕಾಫಿಯ ಬಿಳಿ ಕಾಂಡಕೊರಕವನ್ನು ಅಭ್ಯಸಿಸುವವರಿರಲಿ, ಅಪ್ಪಂಗಳದಲ್ಲಿ ಏಲಕ್ಕಿ ತಳಿಗಳನ್ನು ಪರೀಕ್ಷಿಸುವವರಿರಲಿ, ಮೊದಲು ಎರಡು ಕೆಲಸಗಳನ್ನು ಬೇರ್ಪಡಿಸಿಕೊಳ್ಳಬೇಕು. ವಿವರ ಸರಿಯಾಗಿರುವುದು ಒಂದು, ವಿನ್ಯಾಸ ಸರಿಯಾಗಿರುವುದು ಇನ್ನೊಂದು. ಅಲ್ಪವಿರಾಮ ತಪ್ಪಿದ್ದರೆ ಪ್ರಕಾಶಕರ ಕಡೆಯವರು ತಿದ್ದಿಕೊಳ್ಳಬಹುದು. ಇಸವಿಯೋ ಸಂಪುಟದ ಸಂಖ್ಯೆಯೋ ತಪ್ಪಿದ್ದರೆ ಓದುಗರಿಗೆ ಆ ಮೂಲ ಸಿಗುವುದೇ ಇಲ್ಲ. ಆದ್ದರಿಂದ ವಿವರವನ್ನು ಓದುವಾಗಲೇ ಬರೆದಿಟ್ಟುಕೊಂಡು, ವಿನ್ಯಾಸವನ್ನು ಜರ್ನಲ್ ನಿರ್ಧಾರವಾದ ಮೇಲೆ ಮಾಡುವುದು ಒಳ್ಳೆಯದು.

ಜರ್ನಲ್ ನಿರ್ಧಾರವಾದೊಡನೆ ಅದರ ಲೇಖಕರ ಸೂಚನೆಗಳನ್ನು ಪೂರ್ತಿ ಓದಿ, ಜೊತೆಗೆ ಅದೇ ಜರ್ನಲ್‌ನ ಇತ್ತೀಚಿನ ಸಂಚಿಕೆಯ ಒಂದು ಲೇಖನವನ್ನೂ ಎದುರಿಗಿಟ್ಟುಕೊಳ್ಳಿ. ಸೂಚನೆ ಮತ್ತು ಮುದ್ರಿತ ಲೇಖನಗಳ ನಡುವೆ ವ್ಯತ್ಯಾಸ ಕಂಡರೆ, ಸಂಪಾದಕರಿಗೆ ಒಂದು ಸಾಲು ಬರೆದು ಕೇಳುವುದರಲ್ಲಿ ಸಂಕೋಚ ಬೇಡ.

ಪದ್ಧತಿಗಳು ನೂರಾರು ಇದ್ದರೂ ಹೆಚ್ಚಿನವು ಎರಡು ಬಗೆಯಲ್ಲಿ ಅಡಗುತ್ತವೆ: ಅಂಕೆಯ ಪದ್ಧತಿ ಮತ್ತು ಲೇಖಕ–ಇಸವಿ ಪದ್ಧತಿ. ಪಶ್ಚಿಮಘಟ್ಟದ ಬಗ್ಗೆ ಬರೆಯುವವರು ಮತ್ತೆ ಮತ್ತೆ ಉಲ್ಲೇಖಿಸುವ ಒಂದು ಲೇಖನವನ್ನೇ ತೆಗೆದುಕೊಳ್ಳೋಣ. ಪಶ್ಚಿಮಘಟ್ಟ ಮತ್ತು ಶ್ರೀಲಂಕಾವನ್ನು ಜಗತ್ತಿನ 25 ಜೀವವೈವಿಧ್ಯ ತಾಣಗಳಲ್ಲಿ ಒಂದೆಂದು ಎಣಿಸಿದ ಈ ಲೇಖನ 2000ದಲ್ಲಿ ನೇಚರ್ ಪತ್ರಿಕೆಯ 403ನೇ ಸಂಪುಟ, 6772ನೇ ಸಂಚಿಕೆ, 853ರಿಂದ 858ನೇ ಪುಟಗಳಲ್ಲಿ ಪ್ರಕಟವಾಯಿತು. ಲೇಖಕ–ಇಸವಿ ಬಗೆಯ ಎಪಿಎ (ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್) ಶೈಲಿಯ ಏಳನೇ ಆವೃತ್ತಿಯಂತೆ ಪಠ್ಯದೊಳಗೆ ‘(ಮೈಯರ್ಸ್ ಮತ್ತಿತರರು, 2000)’ ಎಂದು ಬರುತ್ತದೆ. ಪಟ್ಟಿಯಲ್ಲಿ ಐವರು ಲೇಖಕರ ಹೆಸರುಗಳು, ಆವರಣದಲ್ಲಿ ಇಸವಿ, ಶೀರ್ಷಿಕೆ, ಇಟಾಲಿಕ್ ಅಕ್ಷರದಲ್ಲಿ ಪತ್ರಿಕೆಯ ಹೆಸರು, ಬಳಿಕ ‘403(6772), 853–858’, ಕೊನೆಯಲ್ಲಿ ಡಿಒಐ (ಲೇಖನಕ್ಕೆ ಕೊಟ್ಟ ಶಾಶ್ವತ ಡಿಜಿಟಲ್ ಗುರುತಿನ ಸಂಖ್ಯೆ) ಕೊಂಡಿ ಬರುತ್ತವೆ. ವೈದ್ಯಕೀಯ ಜರ್ನಲ್‌ಗಳಲ್ಲಿ ಹೆಚ್ಚಾಗಿ ಕಾಣುವ ವ್ಯಾಂಕೂವರ್ ಶೈಲಿಯಲ್ಲಿ ಪಠ್ಯದಲ್ಲಿ ಬರೀ ಅಂಕೆ ಇರುತ್ತದೆ, ಪಟ್ಟಿಯಲ್ಲಿ ಇಸವಿ ಪತ್ರಿಕೆಯ ಹೆಸರಿನ ನಂತರಕ್ಕೆ ಸರಿದು ‘2000;403(6772):853-8’ ಎಂದಾಗುತ್ತದೆ. ಬೆಂಗಳೂರಿನಿಂದ 1932ರಿಂದ ಹೊರಬರುತ್ತಿರುವ ಕರೆಂಟ್ ಸೈನ್ಸ್ ಕೂಡ ಅಂಕೆಯ ಪದ್ಧತಿಯನ್ನೇ ಅನುಸರಿಸುತ್ತದೆ. ಅಂಕೆಯ ಪಟ್ಟಿ ಸಾಮಾನ್ಯವಾಗಿ ಪಠ್ಯದಲ್ಲಿ ಉಲ್ಲೇಖ ಬಂದ ಕ್ರಮದಲ್ಲಿರುತ್ತದೆ; ಲೇಖಕ–ಇಸವಿಯ ಪಟ್ಟಿ ಅಕಾರಾದಿಯಲ್ಲಿರುತ್ತದೆ. ಒಬ್ಬರದೇ ಒಂದೇ ವರ್ಷದ ಎರಡು ಲೇಖನಗಳಿದ್ದರೆ ಇಸವಿಗೆ ಎ, ಬಿ ಎಂದು ಸೇರಿಸಿ, ಪಠ್ಯದಲ್ಲೂ ಹಾಗೆಯೇ ಬರೆಯಬೇಕು.

ಇದೇ ಲೇಖನದಲ್ಲಿ ಮಿಟರ್‌ಮೈಯರ್ ಎಂಬ ಹೆಸರು ಎರಡು ಸಲ ಬರುತ್ತದೆ. ಅವರು ಇಬ್ಬರು ಬೇರೆ ಲೇಖಕರು, ಒಬ್ಬರು ಆರ್. ಎ., ಇನ್ನೊಬ್ಬರು ಸಿ. ಜಿ. ಪುನರಾವೃತ್ತಿಯೆಂದು ತಿಳಿದು ಒಂದನ್ನು ಅಳಿಸಿದರೆ ಒಬ್ಬ ವಿಜ್ಞಾನಿಯ ಹೆಸರೇ ಹೋಗುತ್ತದೆ. ಮುಂದಿನ ಹೆಸರು ಡ ಫೊನ್ಸೇಕಾ. ಅದರ ‘ಡ’ ಕುಲನಾಮದ ಭಾಗವೇ ಹೊರತು ಇನಿಷಿಯಲ್ ಅಲ್ಲ.

ಹೆಸರಿನ ತೊಡಕು ನಮ್ಮವರದರಲ್ಲಿ ಇನ್ನೂ ಹೆಚ್ಚು, ಇದರ ಬಗ್ಗೆ ನಾನು ಸ್ವಲ್ಪ ಒತ್ತಿ ಹೇಳಲೇಬೇಕು. ಕೊಡವರಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ. ಫೀಲ್ಡ್ ಮಾರ್ಷಲ್ ಕೊಡಂದೇರ ಮಾದಪ್ಪ ಕಾರ್ಯಪ್ಪನವರ ಹೆಸರಿನಲ್ಲಿ ಕೊಡಂದೇರ ಎಂಬುದು ಮನೆತನ, ಕಾರ್ಯಪ್ಪ ಎಂಬುದು ಅವರಿಗಿಟ್ಟ ಹೆಸರು. ಆದರೆ ಆಕರಪಟ್ಟಿ ಸಿದ್ಧಪಡಿಸುವ ತಂತ್ರಾಂಶಗಳು ಕೊನೆಯ ಪದವನ್ನೇ ಕುಲನಾಮವೆಂದು ತಿಳಿಯುತ್ತವೆ. ‘ಕೆ. ಎಂ. ಕಾರ್ಯಪ್ಪ’ ಎಂದು ಕೊಟ್ಟರೆ ‘ಕಾರ್ಯಪ್ಪ, ಕೆ. ಎಂ.’ ಎಂದಾಗುತ್ತದೆ, ಅಡ್ಡಿಯಿಲ್ಲ. ‘ಕಾರ್ಯಪ್ಪ ಕೆ. ಎಂ.’ ಎಂದು ಶಾಲಾ ದಾಖಲೆಯಂತೆ ಬರೆದರೆ ಕೊನೆಯ ‘ಎಂ’ ಕುಲನಾಮವಾಗಿ, ಹೆಸರು ‘ಎಂ., ಸಿ. ಕೆ.’ (ಇಂಗ್ಲಿಷಿನಲ್ಲಿ ಕಾರ್ಯಪ್ಪದ ಮೊದಲ ಅಕ್ಷರ ಸಿ) ಎಂಬಂತೆ ಗುರುತೇ ಸಿಗದ ರೂಪ ತಾಳಬಹುದು. ಆದ್ದರಿಂದ ಬೇರೆಯವರ ಹೆಸರನ್ನು ಮೂಲ ಲೇಖನದ ಮೊದಲ ಪುಟದೊಂದಿಗೆ ಹೋಲಿಸಿ ಸರಿಪಡಿಸಿ. ನಿಮ್ಮ ಹೆಸರನ್ನು ಮೊದಲ ಲೇಖನದಿಂದಲೇ ಒಂದೇ ರೂಪದಲ್ಲಿ ಬರೆದು, ಸಂಶೋಧಕರಿಗೆ ಕೊಡುವ ಓರ್ಕಿಡ್ (ORCID) ಗುರುತಿನ ಸಂಖ್ಯೆಯನ್ನು ಪಡೆದುಕೊಳ್ಳಿ.

ವಿವರ ಕೂಡಿಡಲು ಝೊಟೆರೊ ಎಂಬ ತಂತ್ರಾಂಶ ಸಾಕು, ಅದು ಉಚಿತ. 10ರಿಂದ ಆರಂಭವಾಗುವ ಡಿಒಐ ಸಂಖ್ಯೆಯನ್ನು ಕೊಟ್ಟರೆ (ಮೇಲಿನ ಲೇಖನದ್ದು 10.1038/35002501) ಉಳಿದುದನ್ನು ಅದೇ ತಂದುಕೊಡುತ್ತದೆ. ತಂದುಕೊಟ್ಟದ್ದೆಲ್ಲ ಸರಿಯೆಂದು ನಂಬುವಂತಿಲ್ಲ. ಶೀರ್ಷಿಕೆ ಪೂರ್ತಿ ದೊಡ್ಡಕ್ಷರಗಳಲ್ಲಿ ಬಂದಿರಬಹುದು, ಪುಟಸಂಖ್ಯೆ ಬಿಟ್ಟುಹೋಗಿರಬಹುದು. ಜೀವಿಗಳ ವೈಜ್ಞಾನಿಕ ಹೆಸರಿನ ಇಟಾಲಿಕ್ ಅಂತೂ ಅನೇಕ ಸಲ ಕಳಚಿಹೋಗಿರುತ್ತದೆ. ಕಾಂಡಕೊರಕದ ಲೇಖನಗಳ ಶೀರ್ಷಿಕೆಗಳಲ್ಲಿ ಕ್ಸೈಲೊಟ್ರೆಕಸ್ ಕ್ವಾಡ್ರಿಪೆಸ್ ಎಂಬುದು ಆಕರಪಟ್ಟಿಯಲ್ಲೂ ಇಟಾಲಿಕ್‌ನಲ್ಲೇ ಇರಬೇಕು. ಏಲಕ್ಕಿಯ ವೈಜ್ಞಾನಿಕ ಹೆಸರಿನ ನಂತರ ಬರುವ ‘(ಎಲ್.) ಮ್ಯಾಟನ್’ ಎಂಬುದು ಆ ಹೆಸರನ್ನು ಕೊಟ್ಟವರ ಸೂಚನೆ, ಅದಕ್ಕೆ ಇಟಾಲಿಕ್ ಇಲ್ಲ, ಮತ್ತು ಜರ್ನಲ್ ಸ್ಪಷ್ಟವಾಗಿ ಕೇಳದಿದ್ದರೆ ಅದನ್ನು ಉಲ್ಲೇಖವೆಂದು ಎಣಿಸಿ ಪಟ್ಟಿಗೆ ಸೇರಿಸಬೇಕಾಗಿಲ್ಲ.

ಕೊಡಗಿನ ಕೆಲಸದಲ್ಲಿ ಡಿಒಐ ಇಲ್ಲದ ಆಕರಗಳೇ ಬಹಳ. ಎಂ.ಎಸ್ಸಿ., ಪಿಎಚ್.ಡಿ. ಪ್ರಬಂಧಗಳಿಗೆ ಲೇಖಕ, ಇಸವಿ, ಶೀರ್ಷಿಕೆ, ಪದವಿ, ವಿಶ್ವವಿದ್ಯಾಲಯ ಇಷ್ಟೂ ಬೇಕು. ಕೃಷಿಕೋಶ ಅಥವಾ (ಪಿಎಚ್.ಡಿ.ಯಾದರೆ) ಶೋಧಗಂಗಾ ಎಂಬ ಅಂತರ್ಜಾಲ ಭಂಡಾರದಲ್ಲಿ ಸಿಕ್ಕಿದ್ದರೆ ಅಲ್ಲಿಯ ಕೊಂಡಿಯನ್ನೂ ಕೊಡಿ. ಗಾಡ್ಗೀಳ್ ವರದಿ ಎಂದು ನಾವೆಲ್ಲ ಕರೆಯುವ 2011ರ ವರದಿಯ ಕರ್ತೃ ಪಶ್ಚಿಮಘಟ್ಟ ಪರಿಸರ ತಜ್ಞರ ಸಮಿತಿ. ಪಟ್ಟಿಯಲ್ಲಿ ಸಮಿತಿಯ ಹೆಸರೇ ಬರಬೇಕು, ಪಠ್ಯದಲ್ಲೂ ಅದಕ್ಕೆ ಹೊಂದಿಕೆಯಾಗಬೇಕು. ರಿಕ್ಟರ್ ಅವರ 1870ರ ಕೊಡಗಿನ ಕೈಪಿಡಿ ಮಂಗಳೂರಿನಲ್ಲಿ ಅಚ್ಚಾದದ್ದು. ನಿಮ್ಮ ಕೈಯಲ್ಲಿರುವುದು ಮರುಮುದ್ರಣವಾಗಿದ್ದರೆ ಅದರ ಇಸವಿ, ಪ್ರಕಾಶಕರನ್ನು ಕೊಟ್ಟು, ಮೂಲದ ಇಸವಿಯನ್ನೂ ಸೂಚಿಸಿ. ಅದನ್ನು ಬೇರೊಬ್ಬರ ಲೇಖನದಲ್ಲಿ ಮಾತ್ರ ಕಂಡಿದ್ದರೆ, ಆ ಲೇಖನದ ಮೂಲಕ ಉಲ್ಲೇಖಿಸಬೇಕು. ಓದದ ಪುಸ್ತಕವನ್ನು ಓದಿದಂತೆ ಪಟ್ಟಿಯಲ್ಲಿ ತೋರಿಸುವುದು ತಪ್ಪು ಎಂದೇ ನನ್ನ ದೃಢ ಅಭಿಪ್ರಾಯ.

ನಮ್ಮ ತೋಟಗಳಲ್ಲಿ ತಲೆಮಾರುಗಳಿಂದ ಇಂಚು, ಸೆಂಟ್‌ಗಳಲ್ಲಿ (ಸೆಂಟ್ ಎಂದರೆ ಇಂಚಿನ ನೂರನೇ ಒಂದು ಭಾಗ) ಬರೆದಿಟ್ಟ ಮಳೆಯ ಪುಸ್ತಕಗಳು ಅಮೂಲ್ಯ ದಾಖಲೆಗಳು. ಅವು ಪ್ರಕಟವಾದವಲ್ಲವಾದ್ದರಿಂದ ಹಲವು ಜರ್ನಲ್‌ಗಳು ಅವನ್ನು ಪಟ್ಟಿಗೆ ಸೇರಿಸಿಕೊಳ್ಳುವುದಿಲ್ಲ. ಪಠ್ಯದಲ್ಲೇ ‘ಅಪ್ರಕಟಿತ ದತ್ತಾಂಶ’ ಎಂದು ತೋಟ, ಅವಧಿಗಳೊಡನೆ ಬರೆದು, ಮಾಲೀಕರ ಒಪ್ಪಿಗೆಯನ್ನು ಲಿಖಿತವಾಗಿ ಪಡೆದಿರಬೇಕು. ದೇವರಕಾಡಿನ ಬಗ್ಗೆ ಊರ ತಕ್ಕರು (ಮುಖ್ಯಸ್ಥರು) ಹೇಳಿದ ಮಾತನ್ನು ಎಪಿಎ ಶೈಲಿಯಲ್ಲಿ ವೈಯಕ್ತಿಕ ಸಂವಹನವೆಂದು ದಿನಾಂಕದೊಡನೆ ಪಠ್ಯದಲ್ಲಿ ಮಾತ್ರ ತೋರಿಸುತ್ತಾರೆ. ಇಲ್ಲಿಯೂ ಅವರ ಅನುಮತಿ ಮುಖ್ಯ.

ಕಳುಹಿಸುವ ಮುನ್ನ ಪಟ್ಟಿಯ ಮುದ್ರಿತ ಪ್ರತಿಯನ್ನು ಪಕ್ಕದಲ್ಲಿಟ್ಟು ಪಠ್ಯವನ್ನು ಮೊದಲಿನಿಂದ ಓದುತ್ತ, ಉಲ್ಲೇಖ ಸಿಕ್ಕಿದಂತೆಲ್ಲ ಗುರುತು ಹಾಕುತ್ತ ಹೋಗಿ. ಗುರುತಿಲ್ಲದೆ ಉಳಿದದ್ದು ಪಟ್ಟಿಯಲ್ಲಿರಬಾರದು, ಪಟ್ಟಿಯಲ್ಲಿಲ್ಲದ್ದು ಪಠ್ಯದಲ್ಲಿರಬಾರದು. ಹಿಂತೆಗೆದುಕೊಂಡ ಲೇಖನಗಳಿಗೆ ಝೊಟೆರೊ ಎಚ್ಚರಿಕೆ ತೋರಿಸುತ್ತದೆ, ಅದನ್ನೂ ಗಮನಿಸಿ. ಕೊನೆಗೆ ಕಡತದ ನಕಲು ಮಾಡಿ, ಉಲ್ಲೇಖಗಳನ್ನು ತಂತ್ರಾಂಶಕ್ಕೆ ಜೋಡಿಸುವ ಕೊಂಡಿಗಳನ್ನು (ಡಿಒಐ ಕೊಂಡಿಗಳನ್ನಲ್ಲ) ಆ ನಕಲಿನಿಂದ ಮಾತ್ರ ತೆಗೆದು ಕಳುಹಿಸಿ. ಕೊಂಡಿಗಳಿರುವ ಮೂಲ ಕಡತ ನಿಮ್ಮಲ್ಲೇ ಇರಲಿ. ಪರಿಶೀಲಕರು ಇನ್ನೆರಡು ಲೇಖನಗಳನ್ನು ಸೇರಿಸಲು ಹೇಳಿದಾಗ ಅಂಕೆಗಳೆಲ್ಲ ಅದರಲ್ಲಿ ತಾವಾಗಿಯೇ ಬದಲಾಗುತ್ತವೆ.